ಕೈಯಾಡಿಸಿದ ಮನೆಗಳು: ಬೆಂಗಳೂರು ದಂಡಿನ ಹಳೆಯ ಮನೆಗಳು ಮತ್ತು ದುರಸ್ತಿಯ ಇತಿಹಾಸ

ಕನ್ನಡ ನಾಡಿನ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು, ಜೀರ್ಣವೆಂದರೆ ಕಾಲದಿಂದ ಸವೆದದ್ದು. ದೇವಾಲಯಕ್ಕೆ ಗದ್ದೆಯನ್ನೋ ಸುಂಕದ ಆದಾಯವನ್ನೋ ಬಿಟ್ಟುಕೊಟ್ಟ ದಾನಿಗಳು ನಿತ್ಯಪೂಜೆ, ನಂದಾದೀಪ, ಅನ್ನದಾನಗಳ ಜೊತೆಯಲ್ಲಿಯೇ ಮುರಿದುದನ್ನು ಕೂಡಿಸುವುದಕ್ಕೂ ಬಿರುಕನ್ನು ಮುಚ್ಚುವುದಕ್ಕೂ ಆ ಆದಾಯದಲ್ಲಿ ಪಾಲಿಟ್ಟರು. ಕಟ್ಟಡವನ್ನು ಕಟ್ಟಿ ಮುಗಿಸಿದ ದಿನದಿಂದಲೇ ಅದು ಸವೆಯಲು ತೊಡಗುತ್ತದೆ, ಆದ್ದರಿಂದ ಅದರ ದುರಸ್ತಿಯ ವೆಚ್ಚವನ್ನು ಕಟ್ಟುವ ದಿನವೇ ಎಣಿಸಿಟ್ಟುಕೊಳ್ಳಬೇಕು ಎಂಬ ತಿಳಿವಳಿಕೆ ಈ ಮಾತಿನ ಹಿಂದಿದೆ. ಜನರು ವಾಸಿಸುವ ಮನೆಗಳಿಗೆ ಇಂತಹ ಶಾಸನಗಳಿರಲಿಲ್ಲವಾದರೂ ಅದೇ ತಿಳಿವಳಿಕೆ ರೂಢಿಯಾಗಿ ಉಳಿದಿತ್ತು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಮತ್ತು ಅದರ ಪೂರ್ವಕ್ಕೆ ಬೆಳೆದ ಬಡಾವಣೆಗಳಲ್ಲಿ ಈ ರೂಢಿ ಎರಡು ಶತಮಾನಗಳ ಕಾಲ ಹೇಗೆ ನಡೆಯಿತು, ಯಾವ ಕಾರಣಗಳಿಂದ ಕಡಿದುಹೋಯಿತು, ಹಳೆಯ ಮನೆಯನ್ನು ಕೊಂಡು ದುರಸ್ತಿ ಮಾಡಿಸುವ ಇಂದಿನವರಿಗೆ ಅದರಿಂದ ಏನು ತಿಳಿಯುತ್ತದೆ ಎಂಬುದೇ ಈ ಬರಹದ ವಿಷಯ.

ಮೈಸೂರು ಸೀಮೆಯ ಬಯಲು ನಾಡಿನಲ್ಲಿ ಸಾಮಾನ್ಯರ ಮನೆ ಮಣ್ಣಿನ ಗೋಡೆಯದು; ಅದರ ಮೇಲ್ಛಾವಣಿ ಹುಲ್ಲಿನದಾಗಿರಬಹುದು, ಮಣ್ಣು ಹಾಸಿದ ಮಾಳಿಗೆಯಾಗಿರಬಹುದು, ಇಲ್ಲವೇ ಕುಂಬಾರರು ತಿಗರಿಯ ಮೇಲೆ ತಿರುಗಿಸಿ ಸೀಳಿ ಸುಟ್ಟ ಅರೆಗೊಳವೆಯಾಕಾರದ ನಾಡಹೆಂಚಿನದಾಗಿರಬಹುದು. ಈ ಮೂರೂ ಪ್ರತಿವರ್ಷ ಮನುಷ್ಯನ ಕೈಯನ್ನು ಬೇಡುವ ಛಾವಣಿಗಳು. ಮಳೆಗಾಲಕ್ಕೆ ಮುಂಚೆ ಹೆಂಚುಗಳನ್ನು ಒಂದೊಂದಾಗಿ ತೆಗೆದು, ಕಸ ಮತ್ತು ಗೂಡುಗಳನ್ನು ಕೆಡವಿ, ಒಡೆದವನ್ನು ಬದಲಿಸಿ, ಜರುಗಿದವನ್ನು ಸರಿಯಾಗಿ ಕೂರಿಸುವ ಕೆಲಸಕ್ಕೆ ಕನ್ನಡದಲ್ಲಿ ‘ಹೆಂಚು ಕೈಯಾಡಿಸುವುದು’ ಎಂದು ಹೆಸರು. ಗದ್ದೆಗೂ ಅಡುಗೆಗೂ ಸಲ್ಲುವ ಈ ಕ್ರಿಯಾಪದ ಮನೆಗೂ ಸಲ್ಲುತ್ತಿತ್ತು ಎಂಬುದು ಗಮನಿಸಬೇಕಾದ ಸಂಗತಿ, ಏಕೆಂದರೆ ಮನೆಯನ್ನು ಆಗಾಗ ಕೈಯಿಟ್ಟು ನೋಡಿಕೊಳ್ಳಬೇಕಾದ ಒಂದು ಜೀವಂತ ವಸ್ತುವೆಂದು ಜನ ಬಗೆದಿದ್ದರು. ಗೋಡೆಗೆ ಹಬ್ಬದ ಮುಂಚೆ ಸುಣ್ಣ ಬಳಿಯುವುದು, ನೆಲಕ್ಕೆ ಸಗಣಿ ಸಾರಿಸುವುದು, ಮಾಳಿಗೆಯ ಮಣ್ಣನ್ನು ಮಳೆ ಹತ್ತಿರವಾದಾಗ ಮತ್ತೆ ಬಡಿದು ಗಟ್ಟಿಮಾಡುವುದು ಇವೆಲ್ಲ ಅದೇ ಬಗೆಯ ಕೆಲಸಗಳು.

ದಂಡು ಎಂದರೆ ಸೈನ್ಯ; ಸೈನ್ಯ ಬೀಡುಬಿಟ್ಟ ಜಾಗಕ್ಕೂ ಬೆಂಗಳೂರಿನ ಜನ ಅದೇ ಹೆಸರನ್ನು ಕೊಟ್ಟರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ನೆಲೆಸಿದ ಬ್ರಿಟಿಷ್ ಪಡೆಗೆ ಅಲ್ಲಿಯ ಜ್ವರದ ಹವೆ ಒಗ್ಗದಿದ್ದುದರಿಂದ, 1809ರ ಹೊತ್ತಿಗೆ ಬೆಂಗಳೂರು ಪೇಟೆಯ ಈಶಾನ್ಯಕ್ಕೆ, ಹಲಸೂರು ಕೆರೆಯ ಆಸುಪಾಸಿನ ಎತ್ತರದ ಬಯಲಿನಲ್ಲಿ ಹೊಸ ದಂಡು ಸ್ಥಾಪನೆಯಾಯಿತು. 1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡು ಕಮಿಷನರರ ಕಚೇರಿಯನ್ನು ಬೆಂಗಳೂರಿಗೆ ತಂದಾಗ ಈ ಪ್ರದೇಶ ಇನ್ನಷ್ಟು ಬೆಳೆಯಿತು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡು ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾದ ರೆಸಿಡೆಂಟರ ಅಧೀನದಲ್ಲಿಯೇ ಉಳಿಯಿತು. ಒಂದೇ ಊರಿನಂತೆ ಕಾಣುವ ಬೆಂಗಳೂರು 1947ರವರೆಗೂ ಎರಡು ಆಡಳಿತಗಳ, ಎರಡು ಪುರಸಭೆಗಳ ಊರಾಗಿತ್ತು. 1949ರಲ್ಲಿ ಎರಡೂ ಸೇರಿ ನಗರಪಾಲಿಕೆಯಾಯಿತು. ದಂಡಿನ ಮನೆಗಳು ಪೇಟೆಯ ಮನೆಗಳಿಂದ ಬೇರೆಯಾಗಿ ಬೆಳೆದದ್ದಕ್ಕೆ ಈ ವಿಭಜನೆಯೂ ಒಂದು ಕಾರಣ.

ದಂಡಿನ ಅಧಿಕಾರಿಗಳ ವಾಸಕ್ಕೆ ಎದ್ದ ಮನೆಯೇ ಬಂಗಲೆ. ಬಂಗಾಳದ ಗುಡಿಸಲಿನಿಂದ ಹೆಸರು ಪಡೆದ ಈ ಮಾದರಿಯಲ್ಲಿ ವಿಶಾಲವಾದ ಕಾಂಪೌಂಡಿನ ನಡುವೆ ಎತ್ತರದ ಪೀಠದ ಮೇಲೆ ಒಂದೇ ಅಂತಸ್ತಿನ ಮನೆ, ಮುಂದೆ ಗಾಡಿ ನಿಲ್ಲುವ ಪೋರ್ಟಿಕೊ, ಸುತ್ತ ಜಗಲಿ, ನಡುವೆ ಎತ್ತರದ ಹಜಾರ, ಹಿಂದೆ ಬೇರೆಯಾಗಿ ಅಡುಗೆಮನೆ, ಕುದುರೆಲಾಯ ಮತ್ತು ಆಳುಗಳ ಸಾಲುಕೋಣೆ ಇರುತ್ತಿದ್ದವು. ಕಿಟಕಿಗಳ ಮೇಲೆ ಮರದ ಪಟ್ಟಿಗಳನ್ನು ಜೋಡಿಸಿ ಮಾಡಿದ ಚೂಪು ತಲೆಯ ಮುಚ್ಚಿಗೆಯನ್ನು ‘ಮಂಕಿ ಟಾಪ್’ ಎಂದು ಕರೆದರು. ಮಳೆಯ ಎರಚಲನ್ನೂ ಬಿಸಿಲಿನ ಝಳವನ್ನೂ ತಡೆದು ಗಾಳಿಯನ್ನು ಮಾತ್ರ ಒಳಬಿಡುವ ಈ ಮುಚ್ಚಿಗೆ ಬೆಂಗಳೂರಿನ ಬಂಗಲೆಯ ಗುರುತೇ ಆಯಿತು. ಅಧಿಕಾರಿಗಳು ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುತ್ತಿದ್ದುದರಿಂದ ಅವರು ಹೆಚ್ಚಾಗಿ ಬಾಡಿಗೆದಾರರಾಗಿದ್ದರು. ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟವರಲ್ಲಿ ದಂಡಿಗೆ ಸಾಮಾನು ಒದಗಿಸುತ್ತಿದ್ದ ವ್ಯಾಪಾರಿಗಳೂ ಗುತ್ತಿಗೆದಾರರೂ ಸೇರಿದ್ದರು. ಹೊಸ ಬಾಡಿಗೆದಾರ ಬರುವ ಮುನ್ನ ಮನೆಯನ್ನು ಸರಿಪಡಿಸಿಕೊಡುವುದು ಮಾಲೀಕನಿಗೆ ಲಾಭದ ಕೆಲಸವಾಗಿತ್ತಾದ್ದರಿಂದ ದುರಸ್ತಿ ತಪ್ಪದೆ ನಡೆಯುತ್ತಿತ್ತು.

ಈ ಬಂಗಲೆಗಳನ್ನು ನಿಲ್ಲಿಸಿದ ಮುಖ್ಯ ವಸ್ತು ಗಾರೆ. ಸುಣ್ಣಕಲ್ಲನ್ನು ಗೂಡಿನಲ್ಲಿ ಸುಟ್ಟು, ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸಿ, ಮರಳಿನೊಂದಿಗೂ ಇಟ್ಟಿಗೆಯ ಪುಡಿಯಾದ ಸುರ್ಕಿಯೊಂದಿಗೂ ಬೆರೆಸಿ ಅರೆದರೆ ಗಾರೆಯಾಗುತ್ತದೆ. ಅರೆಯುವುದಕ್ಕೆ ಗಾರೆಯ ಗಾಣವಿತ್ತು: ನೆಲದಲ್ಲಿ ವೃತ್ತಾಕಾರವಾಗಿ ತೋಡಿದ ಕಾಲುವೆಯೊಳಗೆ ದಪ್ಪ ಕಲ್ಲಿನ ಚಕ್ರವನ್ನು ನಿಲ್ಲಿಸಿ ಎತ್ತುಗಳಿಂದ ಎಳೆಸುತ್ತಿದ್ದರು, ಬೆರಳುಗಳ ನಡುವೆ ತಿಕ್ಕಿದರೆ ಬೆಣ್ಣೆಯಂತೆ ಜಾರುವವರೆಗೂ ಗಾರೆ ಅರೆಯುತ್ತಿತ್ತು. ಸುಡುವಾಗ ಕಲ್ಲು ಕಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಗೋಡೆಯಲ್ಲಿ ಕುಳಿತ ಸುಣ್ಣ ಗಾಳಿಯಿಂದ ನಿಧಾನವಾಗಿ ಮತ್ತೆ ಹೀರಿಕೊಂಡು ವರ್ಷಗಳ ಅವಧಿಯಲ್ಲಿ ಪುನಃ ಕಲ್ಲಾಗುತ್ತದೆ. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಮಳೆನೀರಿನಲ್ಲಿ ಕರಗಿದ ಸುಣ್ಣವೇ ಅಲ್ಲಿ ಬಂದು ಗಟ್ಟಿಯಾಗಿ ಆ ಬಿರುಕನ್ನು ಮುಚ್ಚುವುದೂ ಉಂಟು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟನ್ನು ಸಹ ಸುರ್ಕಿ ಗಾರೆಯಿಂದಲೇ ಕಟ್ಟಲಾಯಿತು ಎಂಬುದು ಈ ವಸ್ತುವಿನ ಮೇಲೆ ಮೈಸೂರಿನ ಎಂಜಿನಿಯರುಗಳಿಗಿದ್ದ ನಂಬಿಕೆಗೆ ಸಾಕ್ಷಿ. ಗಾರೆಯ ಬಳಕೆ ನಿಂತು ದಶಕಗಳೇ ಆದರೂ ಸಿಮೆಂಟಿನಲ್ಲಿ ಗೋಡೆ ಕಟ್ಟುವವರನ್ನು ಬೆಂಗಳೂರಿನ ಕನ್ನಡ ಇಂದಿಗೂ ‘ಗಾರೆ ಕೆಲಸದವರು’ ಎಂದೇ ಕರೆಯುತ್ತದೆ.

ಚಪ್ಪಟೆ ಛಾವಣಿ ಬೇಕಾದ ಮನೆಗಳಿಗೆ ಮದ್ರಾಸ್ ತಾರಸಿ ಎಂಬ ವಿಧಾನವಿತ್ತು. ಗೋಡೆಯಿಂದ ಗೋಡೆಗೆ ಸಾಗುವಾನಿ ತೊಲೆಗಳನ್ನು ಇಟ್ಟು, ಅವುಗಳ ಮೇಲೆ ಅಡ್ಡಲಾಗಿ ಸಣ್ಣ ಜಂತೆಗಳನ್ನು ಹಾಸಿ, ಜಂತೆಗಳ ನಡುವಣ ಸಂದನ್ನು ಒಂದು ಅಂಗುಲ ದಪ್ಪದ ಚಿಕ್ಕ ಇಟ್ಟಿಗೆಗಳಿಂದ ಮುಚ್ಚುತ್ತಿದ್ದರು. ಇಟ್ಟಿಗೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಕೋಣೆಯ ಮೂಲೆಯಿಂದ ಓರೆಯಾಗಿ ಸಾಲು ಹಿಡಿದು, ಪ್ರತಿಯೊಂದನ್ನೂ ಗಾರೆಯಲ್ಲಿ ಅದ್ದಿ ಹಿಂದಿನದಕ್ಕೆ ಒತ್ತಿ ಹಿಡಿದರೆ ಅದು ಹಾಗೆಯೇ ಅಂಟಿ ನಿಲ್ಲುತ್ತಿತ್ತು, ಆದ್ದರಿಂದ ಕೆಳಗಿನಿಂದ ಹಲಗೆಯ ಆಸರೆ ಬೇಕಾಗುತ್ತಿರಲಿಲ್ಲ. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಮಿಶ್ರಣವನ್ನು ಮೂರು ನಾಲ್ಕು ಅಂಗುಲ ದಪ್ಪಕ್ಕೆ ಹರಡಿ, ಹೆಣ್ಣಾಳುಗಳು ಸಾಲಾಗಿ ಕುಳಿತು ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಬಡಿಯುವಾಗ ಬೆಲ್ಲದ ನೀರನ್ನೂ ಅಳಲೆಕಾಯಿ ನೆನೆಸಿದ ನೀರನ್ನೂ ಚಿಮುಕಿಸುತ್ತಿದ್ದರು. ಕೊಡತಿ ಪುಟಿದು ಹಿಂದಕ್ಕೆ ಹಾರುವಷ್ಟು ಛಾವಣಿ ಗಟ್ಟಿಯಾದ ಮೇಲೆ ತೆಳುವಾದ ಚಪ್ಪಟೆ ಹೆಂಚುಗಳನ್ನು ಗಾರೆಯಲ್ಲಿ ಕೂರಿಸಿ, ನೀರು ಹರಿಯುವಂತೆ ಇಳಿಜಾರು ಕೊಟ್ಟು ಮುಗಿಸುತ್ತಿದ್ದರು. ಇಂತಹ ತಾರಸಿ ನೂರು ವರ್ಷ ಬಾಳಬಲ್ಲದು. ಆದರೆ ಮಳೆನೀರಿನ ದೋಣಿ ಕಟ್ಟಿಕೊಂಡು ಗೋಡೆಯೊಳಗೆ ಸೇರಿದ ತೊಲೆಯ ತುದಿ ಒದ್ದೆಯಾದರೆ ಗೆದ್ದಲು ಮೊದಲು ಅಲ್ಲಿಯೇ ಹಿಡಿಯುತ್ತದೆ. ಹಳೆಯ ಮೇಸ್ತ್ರಿಗಳು ತಾರಸಿಯನ್ನು ಪರೀಕ್ಷಿಸುವಾಗ ನಡುಭಾಗವನ್ನು ಬಿಟ್ಟು ತೊಲೆಯ ತುದಿಗಳನ್ನೇ ತಟ್ಟಿ ಶಬ್ದ ಕೇಳುತ್ತಿದ್ದುದಕ್ಕೆ ಇದೇ ಕಾರಣ.

ಇಳಿಜಾರು ಛಾವಣಿಗಳ ಇತಿಹಾಸ 1865ರಲ್ಲಿ ತಿರುವು ಪಡೆಯಿತು. ಆ ವರ್ಷ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನೇತ್ರಾವತಿ ತೀರದ ಜೇಡಿಮಣ್ಣಿನಿಂದ ಅಚ್ಚಿನಲ್ಲಿ ಒತ್ತಿದ ಈ ಚಪ್ಪಟೆ ಹೆಂಚು ಪಕ್ಕದ ಹೆಂಚಿಗೆ ಅಂಚಿನ ತೋಡಿನಲ್ಲಿ ಕೊಂಡಿಯಂತೆ ಸಿಕ್ಕಿಕೊಳ್ಳುತ್ತಿದ್ದುದರಿಂದ ನಾಡಹೆಂಚಿನಂತೆ ಎರಡು ಪದರ ಹಾಕಬೇಕಾಗಿರಲಿಲ್ಲ. ನೂರು ಚದರ ಅಡಿಗೆ, ಅಂದರೆ ಗಾರೆ ಕೆಲಸದವರ ಲೆಕ್ಕದ ಒಂದು ‘ಚದರ’ಕ್ಕೆ, ಸುಮಾರು 150 ಹೆಂಚುಗಳು ಸಾಕಾಗುತ್ತಿದ್ದವು, ಛಾವಣಿಯ ಭಾರ ಇಳಿದು, ಕೆಳಗಿನ ಮರವೂ ಕಡಿಮೆಯಾಯಿತು. 1864ರಲ್ಲಿಯೇ ಬೆಂಗಳೂರು ದಂಡು ನಿಲ್ದಾಣದಿಂದ ಜೋಲಾರಪೇಟೆಗೆ ರೈಲು ಓಡತೊಡಗಿ ದಂಡು ಮದ್ರಾಸಿನ ರೈಲುದಾರಿಗೆ ಸೇರಿದ್ದರಿಂದ ದೂರದ ಸಾಮಗ್ರಿ ತರುವುದು ಸುಲಭವಾಗುತ್ತ ಹೋಯಿತು. ಹಳೆಯ ಬಂಗಲೆಗಳ ನಾಡಹೆಂಚು ಇಳಿದು ಮಂಗಳೂರು ಹೆಂಚು ಏರಿದ್ದು ದಂಡಿನ ಮನೆಗಳು ಕಂಡ ಮೊದಲ ದೊಡ್ಡ ನವೀಕರಣ ಎನ್ನಬಹುದು. ಆದರೂ ಮಂಗಳೂರು ಹೆಂಚು ಕೈಯಾಡಿಸುವ ರೂಢಿಯನ್ನು ಕೊನೆಗಾಣಿಸಲಿಲ್ಲ. ಕೋತಿಗಳು ಜರುಗಿಸಿದ ಹೆಂಚು, ಗಾಳಿಗೆ ಬಿದ್ದ ಕೊಂಬೆ ಒಡೆದ ಹೆಂಚು, ಸಂದಿಯಲ್ಲಿ ಕೂಡಿದ ಎಲೆ ಇವನ್ನು ನೋಡಿಕೊಳ್ಳಲು ಮೇ ತಿಂಗಳಲ್ಲಿ ಒಬ್ಬ ಮನುಷ್ಯ ಮಾಡಿನ ಮೇಲೆ ಹತ್ತಲೇಬೇಕಿತ್ತು.

ಎರಡನೆಯ ದೊಡ್ಡ ನವೀಕರಣಕ್ಕೆ ಕಾರಣವಾದದ್ದು ರೋಗ. 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಾಗ, ಬಂಗಲೆಗಳ ದಂಡಿಗೆ ಸೇವೆ ಸಲ್ಲಿಸುತ್ತಿದ್ದ ಜನರು ಇಕ್ಕಟ್ಟಾಗಿ ವಾಸಿಸುತ್ತಿದ್ದ ಬ್ಲಾಕ್‌ಪಲ್ಲಿ, ಅಂದರೆ ಇಂದಿನ ಶಿವಾಜಿನಗರ, ಮತ್ತು ಹಲಸೂರಿನ ಹಳೆಯ ಬೀದಿಗಳು ಹೆಚ್ಚು ನರಳಿದವು. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆ ಎಂಬುದು ಅದೇ ಕಾಲದ ಸಂಶೋಧನೆಗಳಿಂದ ಸ್ಪಷ್ಟವಾಗುತ್ತ ಬಂದಂತೆ ಮನೆಯ ರಚನೆಯೇ ಆರೋಗ್ಯದ ಪ್ರಶ್ನೆಯಾಯಿತು. ಮಣ್ಣಿನ ಗೋಡೆಯಲ್ಲಿ ಇಲಿ ಬಿಲ ತೋಡುತ್ತದೆ, ನಾಡಹೆಂಚಿನ ಎರಡು ಪದರಗಳ ನಡುವೆ ಗೂಡು ಕಟ್ಟುತ್ತದೆ, ಗಾಳಿ ಬೆಳಕಿಲ್ಲದ ಕೋಣೆಯಲ್ಲಿ ನಿರ್ಭಯವಾಗಿ ಓಡಾಡುತ್ತದೆ ಎಂಬ ತಿಳಿವಳಿಕೆಯಿಂದ ಕಲ್ಲು ಮತ್ತು ಇಟ್ಟಿಗೆಯ ಗೋಡೆ, ಗಟ್ಟಿ ನೆಲ, ಸಂದಿಯಿಲ್ಲದ ಛಾವಣಿ, ಎರಡು ಬದಿಯ ಕಿಟಕಿ ಇವೆಲ್ಲ ಹೊಸ ಮನೆಗಳ ನಿಯಮಗಳಾದವು. ರೆಸಿಡೆಂಟ್ ಸ್ಟುಅರ್ಟ್ ಫ್ರೇಸರ್ ಅವರ ಹೆಸರಿನಲ್ಲಿ 1910ರಲ್ಲಿ ರೂಪುಗೊಂಡ ಫ್ರೇಸರ್ ಟೌನ್ ಈ ತತ್ತ್ವದ ಮೇಲೆ ಬೆಳೆದ ಬಡಾವಣೆ. ಎಂಜಿನಿಯರ್ ಜೆ. ಎಚ್. ಸ್ಟೀಫನ್ಸ್ ಪ್ಲೇಗನ್ನು ತಡೆಯುವ ಪಟ್ಟಣ ನಿರ್ಮಾಣದ ಬಗ್ಗೆ 1914ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಮನೆಯ ದುರಸ್ತಿ ಮಾಲೀಕನ ಸ್ವಂತ ವ್ಯವಹಾರ ಮಾತ್ರವಲ್ಲ, ಅದು ಬೀದಿಯ ಎಲ್ಲರ ಜೀವಕ್ಕೂ ಸಂಬಂಧಿಸಿದ್ದು ಎಂಬ ಭಾವನೆ ಬೆಂಗಳೂರಿನ ಆಡಳಿತದಲ್ಲಿ ಬೇರೂರಿದ್ದು ಈ ವರ್ಷಗಳಲ್ಲಿ.

ಈ ಹೊಸ ಬಡಾವಣೆಗಳ ಮನೆಗಳ ಹಿಂದೆ ‘ಕನ್ಸರ್ವೆನ್ಸಿ ಲೇನ್’ ಎಂಬ ಕಿರಿದಾದ ಓಣಿ ಹಾದುಹೋಗುತ್ತಿತ್ತು. ನೀರು ಹರಿಯುವ ಪಾಯಿಖಾನೆ ಇಲ್ಲದ ಆ ಕಾಲದಲ್ಲಿ ಮನೆಯ ಹಿತ್ತಿಲಿನ ಅಂಚಿಗೆ ಕಟ್ಟಿದ ಒಣ ಪಾಯಿಖಾನೆಯಿಂದ ಮಲವನ್ನು ತೆಗೆದು ತಲೆಯ ಮೇಲೆ ಹೊತ್ತೊಯ್ಯುವ ಪೌರಕಾರ್ಮಿಕರು ಈ ಓಣಿಯಿಂದ ಬಂದು ಈ ಓಣಿಯಿಂದಲೇ ಹೋಗಬೇಕಿತ್ತು. ಮುಂದಿನ ಬೀದಿಗೆ ಕಾಣದಂತೆ ಅವರನ್ನು ದೂರವಿಡುವ ಅಸ್ಪೃಶ್ಯತೆ ಬಡಾವಣೆಯ ನಕ್ಷೆಯಲ್ಲಿಯೇ ಗೆರೆಯಾಗಿ ಮೂಡಿತ್ತು. 1896ರಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂದದ್ದು, 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಅದಕ್ಕೆ ಸೇರಿದ್ದು, ಅನಂತರ ಒಳಚರಂಡಿ ಹರಡಿದ್ದು ಇವುಗಳಿಂದ ಹಳೆಯ ಮನೆಗಳ ಪಾಯಿಖಾನೆಗಳು ಒಂದೊಂದಾಗಿ ಬದಲಾದವು. ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ನಿಷೇಧಿಸಲು ಮುಂದಾದ ಸಚಿವ ಬಿ. ಬಸವಲಿಂಗಪ್ಪನವರ ಹೆಸರು ಈ ಇತಿಹಾಸದಲ್ಲಿ ಗೌರವದಿಂದ ಉಳಿಯಬೇಕಾದದ್ದು. ದಂಡಿನ ಹಳೆಯ ಮನೆಗಳಲ್ಲಿ ನಡೆದ ಎಲ್ಲ ಮಾರ್ಪಾಡುಗಳಲ್ಲಿ ಮನುಷ್ಯರ ಬದುಕಿಗೆ ಅತ್ಯಂತ ದೊಡ್ಡ ಬಿಡುಗಡೆ ತಂದದ್ದು ಹಿತ್ತಿಲಿನ ಈ ಸಣ್ಣ ಕೋಣೆಯ ಮಾರ್ಪಾಡು. ಹಳೆಯ ಮನೆಯ ಚೆಲುವನ್ನು ನೆನೆಯುವವರು ಹಿಂದಿನ ಓಣಿಯನ್ನೂ ನೆನೆಯದಿದ್ದರೆ ಆ ನೆನಪು ಅರ್ಧದ್ದೇ.

ಬಂಗಲೆಗಳ ಒಡೆತನದ ಸ್ವರೂಪವನ್ನು 1947 ಬದಲಿಸಿತು. ದಂಡಿನ ಬ್ರಿಟಿಷ್ ಅಧಿಕಾರಿಗಳು ಹಿಂದಿರುಗಿದರು. ರಿಚರ್ಡ್ಸ್ ಟೌನ್, ಕುಕ್ ಟೌನ್, ಕಾಕ್ಸ್ ಟೌನ್‌ಗಳಲ್ಲಿ ಮತ್ತು 1882ರಲ್ಲಿ ಚಾಮರಾಜೇಂದ್ರ ಒಡೆಯರು ಕೊಟ್ಟ ಭೂಮಿಯಲ್ಲಿ ಕೃಷ್ಣರಾಜಪುರದ ಆಚೆ ನೆಲೆಗೊಂಡ ವೈಟ್‌ಫೀಲ್ಡಿನಲ್ಲಿ ವಾಸವಿದ್ದ ಆಂಗ್ಲೋ-ಇಂಡಿಯನ್ ಕುಟುಂಬಗಳಲ್ಲಿ ಅನೇಕವು ಮುಂದಿನ ಎರಡು ಮೂರು ದಶಕಗಳಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾಗಳಿಗೆ ವಲಸೆ ಹೋದವು. ಅವರು ಮಾರಿದ ಮನೆಗಳನ್ನು ವ್ಯಾಪಾರಿಗಳು, ನಿವೃತ್ತ ನೌಕರರು, ಬೇರೆ ಊರುಗಳಿಂದ ಬಂದ ಕುಟುಂಬಗಳು ಕೊಂಡವು. ಕೊಂಡವರು ತಮ್ಮ ರೂಢಿಗೆ ತಕ್ಕಂತೆ ಮನೆಯನ್ನು ಹೊಂದಿಸಿಕೊಂಡರು: ಹೊರಗಿದ್ದ ಅಡುಗೆಮನೆ ಒಳಬಂತು, ಒಂದು ಮೂಲೆ ದೇವರಮನೆಯಾಯಿತು, ಬಿಸಿನೀರಿನ ಹಂಡೆಯ ಬಚ್ಚಲು ಸೇರಿತು, ಅಗ್ಗಿಷ್ಟಿಕೆಯನ್ನು ಇಟ್ಟಿಗೆಯಿಂದ ಮುಚ್ಚಿ ಕಪಾಟು ಮಾಡಲಾಯಿತು. ಇಂತಹ ಹೊಂದಾಣಿಕೆಗಳಿಂದಲೇ ಅನೇಕ ಮನೆಗಳು ಇನ್ನೂ ಒಂದು ತಲೆಮಾರಿನ ಕಾಲ ಉಳಿದವು.

ಆದರೆ ಅದೇ ಅವಧಿಯಲ್ಲಿ ದುರಸ್ತಿಯ ಆರ್ಥಿಕ ಆಧಾರ ಕುಸಿಯಿತು. ಎರಡನೆಯ ಮಹಾಯುದ್ಧದ ಕಾಲದಿಂದ ಬಂದ ಬಾಡಿಗೆ ನಿಯಂತ್ರಣ 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯಿದೆಯಲ್ಲಿ ಗಟ್ಟಿಯಾಯಿತು. ಬಡ ಬಾಡಿಗೆದಾರರನ್ನು ಬೀದಿಪಾಲಾಗದಂತೆ ಕಾಪಾಡಿದ ಈ ಕಾಯಿದೆಯ ಅಡಿಯಲ್ಲಿ ಹಳೆಯ ಬಾಡಿಗೆ ಹಾಗೆಯೇ ನಿಂತು, ಸುಣ್ಣ ಬಳಿಸುವ ಖರ್ಚಿಗೂ ಅದು ಸಾಲದಂತಾಯಿತು. ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟುವ ಉದ್ದೇಶವಿದ್ದರೆ ಬಾಡಿಗೆದಾರನನ್ನು ಬಿಡಿಸಿಕೊಳ್ಳಬಹುದು ಎಂಬ ಅವಕಾಶ ಕಾಯಿದೆಯಲ್ಲಿದ್ದುದರಿಂದ ಮಾಲೀಕನಿಗೆ ಮನೆಯನ್ನು ಸರಿಪಡಿಸುವುದಕ್ಕಿಂತ ಸೋರಲು ಬಿಟ್ಟು ಕೊನೆಗೆ ಕೆಡವುವುದು ಲಾಭವಾಗಿ ಕಂಡಿತು. 1976ರ ನಗರ ಭೂಮಿತಿ ಕಾಯಿದೆ ಬೆಂಗಳೂರಿನಲ್ಲಿ ಒಬ್ಬರು ಹೊಂದಬಹುದಾದ ಖಾಲಿ ಜಾಗವನ್ನು 1,000 ಚದರ ಮೀಟರಿಗೆ ಸೀಮಿತಗೊಳಿಸಿದಾಗ ವಿಶಾಲವಾದ ಕಾಂಪೌಂಡುಗಳನ್ನು ಉಳಿಸಿಕೊಳ್ಳುವುದು ಕಷ್ಟವಾಯಿತು. ಆಸ್ತಿಯ ಪಾಲು, ತೆರಿಗೆ, ಏರುತ್ತಿದ್ದ ಭೂಮಿಯ ಬೆಲೆ ಇವೆಲ್ಲ ಸೇರಿ 1980ರ ದಶಕದಿಂದ ಬಂಗಲೆಗಳ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಏಳತೊಡಗಿದವು.

ಕೆಡವಿದ ಮನೆ ಪೂರ್ತಿಯಾಗಿ ಮಾಯವಾಗಲಿಲ್ಲ ಎಂಬುದು ಈ ಕಥೆಯ ಇನ್ನೊಂದು ಮುಖ. ಸಾಗುವಾನಿ ತೊಲೆ, ಬೀಟೆಯ ಬಾಗಿಲು, ಹಿತ್ತಾಳೆಯ ಚಿಲಕ, ಬಣ್ಣದ ಗಾಜು, ಎರಕದ ಕಬ್ಬಿಣದ ಕಂಬಿ, ಕಾರ್ಖಾನೆಯ ಮುದ್ರೆಯಿರುವ ಹೆಂಚು ಇವೆಲ್ಲ ಗುಜರಿಯವರ ಕೈಗೆ ಹೋದವು. ಗುಜರಿ ಎಂದರೆ ಹಳೆಯ ಸಾಮಾನಿನ ವ್ಯಾಪಾರ. ಶಿವಾಜಿನಗರದ ಸುತ್ತಿನ ಓಣಿಗಳಲ್ಲಿಯೂ ಬಿದಿರು ಮತ್ತು ಮರದ ವ್ಯಾಪಾರಕ್ಕೆ ಹೆಸರಾದ ಬಂಬೂ ಬಜಾರಿನ ಕಡೆಯೂ ಈ ವ್ಯಾಪಾರ ತಲೆಮಾರುಗಳಿಂದ ಬೆಳೆದಿದೆ. ಮನೆ ಕೆಡವುವ ಗುತ್ತಿಗೆದಾರನು ಮಾಲೀಕನಿಂದ ಕೂಲಿ ಕೇಳುವ ಬದಲು ತಾನೇ ಹಣ ಕೊಟ್ಟು ಕೆಡವುವುದುಂಟು, ಏಕೆಂದರೆ ಮರದ ಬೆಲೆಯೇ ಅವನ ಲಾಭ. ನೂರು ವರ್ಷ ಒಣಗಿದ ಸಾಗುವಾನಿ ಇನ್ನು ಬಾಗುವುದಿಲ್ಲ, ಸೀಳುವುದಿಲ್ಲ. ಮೇಲ್ಮೈಯ ಬಣ್ಣವನ್ನು ಹೆರೆದು ಒಂದು ನೂಲಿನಷ್ಟು ರಂದ ಹೊಡೆದರೆ ಒಳಗಿನ ಮರ ಹೊಸದರಂತೆ ಎಣ್ಣೆಯ ಮಿಂಚು ತೋರುತ್ತದೆ. ಹೀಗೆ ಒಂದು ಮನೆಯಿಂದ ಕಳಚಿದ ಬಾಗಿಲು ಇನ್ನೊಂದು ಹಳೆಯ ಮನೆಯ ದುರಸ್ತಿಗೆ ಒದಗಿತು.

ದುರಸ್ತಿಯ ರೂಢಿಗೆ ಬಿದ್ದ ಆಳವಾದ ಪೆಟ್ಟು ಸಿಮೆಂಟಿನಿಂದ ಬಂತು. ಇಂಗ್ಲೆಂಡಿನಲ್ಲಿ 1824ರಲ್ಲಿ ಪೇಟೆಂಟ್ ಪಡೆದ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಉತ್ಪಾದನೆ ಭಾರತದಲ್ಲಿ 1914ರಲ್ಲಿ ಪೋರಬಂದರಿನ ಕಾರ್ಖಾನೆಯಿಂದ ನೆಲೆಗೊಂಡಿತು. ಸ್ವಾತಂತ್ರ್ಯದ ನಂತರ ಅದು ಎಲ್ಲ ಕಟ್ಟಡಗಳ ವಸ್ತುವಾಯಿತು. ಸಿಮೆಂಟು ಬೇಗ ಗಟ್ಟಿಯಾಗುತ್ತದೆ, ಗಾಣ ಬೇಡ, ದಿನಗಟ್ಟಲೆ ಬಡಿಯುವುದು ಬೇಡ; ಒಮ್ಮೆ ಮೆತ್ತಿದರೆ ಇನ್ನು ಕೈಯಾಡಿಸಬೇಕಾಗಿಲ್ಲ ಎಂಬ ಭರವಸೆ ಅದರೊಂದಿಗೆ ಬಂತು. ಹೊಸ ಕಟ್ಟಡದಲ್ಲಿ ಸಲ್ಲುವ ಈ ಗುಣವೇ ಹಳೆಯ ಗೋಡೆಯಲ್ಲಿ ದೋಷವಾಯಿತು. ಗಾರೆಯ ಗೋಡೆ ನೆಲದಿಂದ ಏರುವ ತೇವವನ್ನು ಹೀರಿ ಮೇಲ್ಮೈಯಿಂದ ಆವಿಯಾಗಿ ಬಿಡುತ್ತದೆ. ಅದರ ಮೇಲೆ ಸಿಮೆಂಟಿನ ಗಿಲಾವು ಬಳಿದರೆ ತೇವಕ್ಕೆ ಹೊರದಾರಿ ಮುಚ್ಚಿಹೋಗಿ ಅದು ಗೋಡೆಯೊಳಗೆ ಇನ್ನೂ ಮೇಲಕ್ಕೇರುತ್ತದೆ, ತೇವದೊಂದಿಗೆ ಬಂದ ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟಿ ಇಟ್ಟಿಗೆಯನ್ನೇ ಪುಡಿಮಾಡುತ್ತದೆ, ಕೊನೆಗೆ ಗಿಲಾವು ಹಪ್ಪಳದಂತೆ ಉಬ್ಬಿ ಕಳಚುತ್ತದೆ. ಮಾಲೀಕರು ಕಳಚಿದ್ದರ ಮೇಲೆ ಇನ್ನೂ ಗಟ್ಟಿಯಾದ ಸಿಮೆಂಟು ಬಳಿಸುತ್ತಾರೆ, ಕಾಯಿಲೆ ಇನ್ನಷ್ಟು ಒಳಹೋಗುತ್ತದೆ. ದಂಡಿನ ಹಳೆಯ ಮನೆಗಳಲ್ಲಿ ಅನೇಕವು ದುರಸ್ತಿಯಿಲ್ಲದೆ ಕೆಟ್ಟುದಕ್ಕಿಂತ ತಪ್ಪು ವಸ್ತುವಿನ ದುರಸ್ತಿಯಿಂದ ಬೇಗ ಕೆಟ್ಟವು.

ದಂಡಿನ ಪೂರ್ವಕ್ಕೆ ಬೆಳೆದ ಬಡಾವಣೆಗಳ ಕಾಯಿಲೆ ಬೇರೆ ಬಗೆಯದು. ಹಳೆಯ ಮದ್ರಾಸ್ ರಸ್ತೆಯ ಮೇಲಿನ ಕೃಷ್ಣರಾಜಪುರದ ಕಡೆಯ ಹಳೆಯ ಮನೆಗಳು ಮಣ್ಣಿನ ಅಥವಾ ಕಲ್ಲಿನ ಗೋಡೆಯ ಮೇಲೆ ಹೆಂಚನ್ನೋ ಸೀಳಿದ ಕಲ್ಲುಚಪ್ಪಡಿಯನ್ನೋ ಹೊದ್ದವು; 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಬಂದು ದೂರವಾಣಿನಗರ ಎದ್ದಾಗ ಆ ಸೀಮೆಗೆ ನೌಕರರ ಮನೆಗಳು ಬಂದವು. ಬಿನ್ನಮಂಗಲ, ದೂಪನಹಳ್ಳಿಗಳಂತಹ ಹಳ್ಳಿಗಳ ಭೂಮಿಯಲ್ಲಿ 1970ರ ದಶಕದಿಂದ ರೂಪುಗೊಂಡ ಇಂದಿರಾನಗರದಲ್ಲಿ ನಿವೃತ್ತ ಸೈನಿಕರೂ ಸಾರ್ವಜನಿಕ ಉದ್ಯಮಗಳ ನೌಕರರೂ ಮನೆ ಕಟ್ಟಿಕೊಂಡರು. 1982ರಲ್ಲಿ ಭಾಗಶಃ ಸಡಿಲವಾಗುವವರೆಗೂ ಸಿಮೆಂಟು ಸರ್ಕಾರದ ನಿಯಂತ್ರಣದಲ್ಲಿದ್ದು ಪರ್ಮಿಟ್ಟಿನ ಮೇಲೆ ಸಿಗುತ್ತಿದ್ದುದರಿಂದ ಆ ಕಾಲದವರು ಅದನ್ನು ಅಳೆದು ಬಳಸಿದರು: ತಳಪಾಯಕ್ಕೆ ಸೈಜುಕಲ್ಲು, ಗೋಡೆಗೆ ಸುಟ್ಟ ಇಟ್ಟಿಗೆ, ನೆಲಕ್ಕೆ ಮೊಸಾಯಿಕ್ ಅಥವಾ ರೆಡ್ ಆಕ್ಸೈಡ್, ಮೇಲೆ ಮಾತ್ರ ಕಬ್ಬಿಣ ಸೇರಿಸಿದ ಕಾಂಕ್ರೀಟು, ಅಂದರೆ ಜನರ ಮಾತಿನ ‘ಮೋಲ್ಡ್’. ಈ ಮೋಲ್ಡಿನ ಒಳಗಿನ ಕಬ್ಬಿಣಕ್ಕೆ ನಾಲ್ಕೈದು ದಶಕಗಳಲ್ಲಿ ತೇವ ಮತ್ತು ಗಾಳಿ ತಲಪಿದರೆ ತುಕ್ಕು ಹಿಡಿಯುತ್ತದೆ; ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುವುದರಿಂದ ಕಾಂಕ್ರೀಟು ಒಳಗಿನಿಂದಲೇ ಒಡೆದು ಹೆಕ್ಕಳಿಕೆಯಾಗಿ ಕೆಳಗೆ ಬೀಳುತ್ತದೆ. ಶಾಶ್ವತವೆಂದು ನಂಬಿದ ಛಾವಣಿಗೂ ಕೈಯಾಡಿಸುವ ಕಾಲ ಬರುತ್ತದೆ ಎಂಬುದನ್ನು ಇಂದಿರಾನಗರದ ಮನೆಗಳು ಈಗ ತೋರಿಸಿಕೊಡುತ್ತಿವೆ.

ಹಳೆಯ ಕಟ್ಟಡವನ್ನು ಉಳಿಸಬೇಕೆಂಬ ಸಾರ್ವಜನಿಕ ವಿವೇಕವೂ ಬಂಗಲೆಗಳು ಉರುಳುತ್ತಿದ್ದ ಕಾಲದಲ್ಲಿಯೇ ಎಚ್ಚೆತ್ತಿತು. 1868ರಲ್ಲಿ ಪೂರ್ಣಗೊಂಡ ಅಠಾರಾ ಕಚೇರಿಯನ್ನು, ಅಂದರೆ ಇಂದಿನ ಉಚ್ಚ ನ್ಯಾಯಾಲಯದ ಕೆಂಪು ಕಟ್ಟಡವನ್ನು, 1980ರ ದಶಕದಲ್ಲಿ ಕೆಡವುವ ಯೋಚನೆ ಬಂದಾಗ ನಾಗರಿಕರು ಅದನ್ನು ವಿರೋಧಿಸಿ ನ್ಯಾಯಾಲಯದ ಮೊರೆಹೊಕ್ಕರು, ಕಟ್ಟಡ ಉಳಿಯಿತು. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ ಎಂಬ ವಾಸದ ಬಂಗಲೆ ಜೀರ್ಣಾವಸ್ಥೆಯಿಂದ ಚೇತರಿಸಿಕೊಂಡು 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಾಗಿ ತೆರೆಯಿತು. ಹಳೆಯ ಮನೆಯನ್ನು ಹಾಗೆಯೇ ಉಳಿಸಿ, ಬೇಕಾದ ಹೊಸ ಜಾಗವನ್ನು ಅದರ ಪಕ್ಕಕ್ಕೆ ಸೇರಿಸುವ ಕ್ರಮಕ್ಕೆ ಇದು ಮಾದರಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಮಣ್ಣಿನ ಕಟ್ಟಡ ವಿಧಾನಗಳನ್ನು ವಿಜ್ಞಾನದ ಅಧ್ಯಯನಕ್ಕೆ ಒಳಪಡಿಸಿ ಅವುಗಳ ಮರ್ಯಾದೆಯನ್ನು ಹೆಚ್ಚಿಸಿತು.

ಇಂದು ದಂಡಿನ ಹಳೆಯ ಮನೆಯೊಂದನ್ನು ಕೊಳ್ಳುವವರು ಸಾಮಾನ್ಯವಾಗಿ ಮೊದಲು ಬಣ್ಣ, ನೆಲ, ಅಡುಗೆಮನೆಗಳ ಕಡೆ ನೋಡುತ್ತಾರೆ. ಹಳೆಯ ಮೇಸ್ತ್ರಿಗಳ ಕ್ರಮ ಮೇಲಿನಿಂದ ಕೆಳಕ್ಕಿತ್ತು: ಮೊದಲು ಛಾವಣಿ, ಆಮೇಲೆ ಮಳೆನೀರಿನ ದಾರಿ, ಆಮೇಲೆ ಗೋಡೆಯ ಬುಡದ ತೇವ, ಆಮೇಲೆ ಮರ, ಕೊನೆಗೆ ಸುಣ್ಣ. ನೀರಿನ ದಾರಿಯನ್ನು ಸರಿಪಡಿಸದೆ ಬಳಿದ ಬಣ್ಣ ಒಂದು ಮಳೆಗಾಲವನ್ನೂ ದಾಟುವುದಿಲ್ಲ ಎಂಬ ಅನುಭವ ಈ ಕ್ರಮದ ಹಿಂದಿತ್ತು. ಒಂದು ಮಳೆಗಾಲವನ್ನು ಮನೆಯಲ್ಲಿ ಕಳೆದು, ನೀರು ಎಲ್ಲಿ ನಿಲ್ಲುತ್ತದೆ, ಯಾವ ಗೋಡೆ ಒದ್ದೆಯಾಗುತ್ತದೆ, ಯಾವ ತೊಲೆ ತಟ್ಟಿದರೆ ಟೊಳ್ಳು ಶಬ್ದ ಕೊಡುತ್ತದೆ ಎಂದು ನೋಡಿದ ಮೇಲೆ ಕೆಲಸ ಹಿಡಿದರೆ ಅರ್ಧ ಖರ್ಚು ವ್ಯರ್ಥವಾಗದೆ ಉಳಿಯುತ್ತದೆ; ಗಾರೆಯ ಗೋಡೆಗೆ ಗಾರೆಯನ್ನೇ, ಮರದ ತೊಲೆಗೆ ಮರವನ್ನೇ ಜೋಡಿಸಿದರೆ ಮನೆ ತನ್ನ ಸ್ವಭಾವದಲ್ಲಿ ಉಳಿಯುತ್ತದೆ. ಇದಕ್ಕೆ ಬೇಕಾದ ಕೈಗಳು ಮಾತ್ರ ವಿರಳವಾಗುತ್ತಿವೆ. ಸುಣ್ಣ ಅರಳಿಸಿ ಹದ ನೋಡಬಲ್ಲ, ತಾರಸಿಯ ಇಟ್ಟಿಗೆಯನ್ನು ಆಸರೆಯಿಲ್ಲದೆ ಕೂರಿಸಬಲ್ಲ ಕೆಲಸಗಾರರು ಉಳಿಯಬೇಕಾದರೆ ಅವರಿಗೆ ಕೆಲಸ ಕೊಡುವ ಮನೆಗಳೂ ಉಳಿಯಬೇಕು.

ಈ ಅರ್ಥದಲ್ಲಿ ಹಳೆಯ ಮನೆಯನ್ನು ಕೊಳ್ಳುವವರು ಗೋಡೆ ಮತ್ತು ನಿವೇಶನದ ಜೊತೆಗೆ ಒಂದು ಕರ್ತವ್ಯವನ್ನೂ ಕೊಳ್ಳುತ್ತಾರೆ. ಶಾಸನದ ದಾನಿಗಳು ನಂದಾದೀಪದ ಎಣ್ಣೆಗೂ ಬಿರುಕಿನ ಗಾರೆಗೂ ಒಂದೇ ಗದ್ದೆಯ ಆದಾಯದಿಂದ ಪಾಲಿಟ್ಟರು, ಏಕೆಂದರೆ ದೀಪವಾಗಲಿ ಗೋಡೆಯಾಗಲಿ ಒಮ್ಮೆ ಹಚ್ಚಿ ಕಟ್ಟಿ ಮರೆಯುವಂಥದ್ದಲ್ಲವೆಂದು ಅವರಿಗೆ ತಿಳಿದಿತ್ತು. ಮಳೆಗಾಲಕ್ಕೆ ಮುಂಚೆ ಏಣಿ ಹಾಕಿ ಮಾಡಿನ ಮೇಲೆ ಹತ್ತುವ ಮನುಷ್ಯನ ಒಂದು ದಿನದ ಕೂಲಿಯನ್ನು ವರ್ಷದ ಲೆಕ್ಕದಲ್ಲಿ ಮೊದಲೇ ಬರೆದಿಟ್ಟುಕೊಳ್ಳುವ ಮನೆಯಲ್ಲಿ ಆ ತಿಳಿವು ಇಂದಿಗೂ ಬದುಕಿದೆ.